ಹಳೆಯ ಮುಷ್ಕರಕ್ಕೆ ಹೊಸ ಪರದೆ: ಶಿಪ್‌ಯಾರ್ಡ್ ಸಾಕ್ಷ್ಯಚಿತ್ರಗಳು ಮರಳಿ ಬರುತ್ತಿರುವುದೇಕೆ?

ಹಡಗು ಕಟ್ಟುವ ಉದ್ಯಮದ ಸುದ್ದಿಗಳನ್ನು ಒಂದರ ಪಕ್ಕ ಒಂದಿಟ್ಟು ಓದಿದರೆ ತಲೆಬುಡ ತಿಳಿಯುವುದಿಲ್ಲ. ಅಮೆರಿಕದ ಹಡಗು ಉದ್ಯಮಕ್ಕೆ 15,000 ಕೋಟಿ ಡಾಲರ್ ತೊಡಗಿಸಲು ದಕ್ಷಿಣ ಕೊರಿಯಾ 2025ರಲ್ಲಿ ಒಪ್ಪಿಕೊಂಡಿತು. ಕೊರಿಯಾದ ಯಾರ್ಡುಗಳ ಕೈಯಲ್ಲಿ ವರ್ಷಗಟ್ಟಲೆ ಸಾಕಾಗುವಷ್ಟು ಆರ್ಡರ್ ಇದೆ. ಅದೇ ವರ್ಷದ ಮಾರ್ಚ್ ತಿಂಗಳಲ್ಲಿ ಶಿಪ್‌ಯಾರ್ಡ್ ಉಪಗುತ್ತಿಗೆ ಕಾರ್ಮಿಕರ ಸಂಘದ ಮುಖಂಡರೊಬ್ಬರು ಸೋಲ್ ನಗರದಲ್ಲಿ ಹನ್ವಾ ಎಂಬ ಉದ್ಯಮ ಸಮೂಹದ ಮುಖ್ಯ ಕಚೇರಿಯೆದುರಿನ ಸಿಸಿಟಿವಿ ಗೋಪುರ ಹತ್ತಿದರು. 97 ದಿನ ಕೆಳಗಿಳಿಯಲಿಲ್ಲ. ಆಗಸ್ಟ್ 24ರಂದು ಕೊರಿಯಾದ ಸಂಸತ್ತು ‘ಹಳದಿ ಲಕೋಟೆ ಕಾನೂನು’ ಎಂದು ಜನ ಕರೆಯುವ, ಉಪಗುತ್ತಿಗೆಯವರ ಜೊತೆ ಮಾತುಕತೆಗೆ ಕೂರಬೇಕಾದ ಮಾಲೀಕ ಯಾರೆಂದು ಹೇಳುವ ತಿದ್ದುಪಡಿಯನ್ನು ಅಂಗೀಕರಿಸಿತು.

ಇಂಥ ಹೊತ್ತಿನಲ್ಲಿ ಫಿಲ್ಮ್ ಆರ್ಕೈವ್‌ಗಳು, ಕಾರ್ಮಿಕ ಸಂಘಗಳು, ಸಣ್ಣ ಚಿತ್ರಮಂದಿರಗಳು ದಶಕಗಳ ಹಿಂದಿನ ಶಿಪ್‌ಯಾರ್ಡ್ ಸಾಕ್ಷ್ಯಚಿತ್ರಗಳನ್ನು ಮತ್ತೆ ಪರದೆಗೆ ತರುತ್ತಿವೆ. ಧೂಳು ಹಿಡಿದ ರೀಲುಗಳು ಡಿಜಿಟಲ್ ರೂಪ ಪಡೆಯುತ್ತಿವೆ. ಪ್ರದರ್ಶನ ಮುಗಿದ ಮೇಲೆ ಚರ್ಚೆಯೂ ನಡೆಯುತ್ತದೆ. ಉದ್ಯಮ ಏರುಗತಿಯಲ್ಲಿರುವಾಗ ಯಾರ್ಡು ಮುಚ್ಚುವ ಕಾಲದ ಹೋರಾಟವನ್ನು ನೋಡಲು ಜನ ಯಾಕೆ ಬರಬೇಕು?

ಹಳೆಯ ನೆನಪಿನ ಮೋಹ ಎಂದು ಹೇಳಿ ಇದನ್ನು ಬದಿಗೆ ಸರಿಸುವುದು ಸುಲಭ. ಆದರೆ ಆ ಚಿತ್ರಗಳಲ್ಲಿ ಕಾರ್ಮಿಕರು ಕೇಳುತ್ತಿದ್ದ ಪ್ರಶ್ನೆ ಇನ್ನೂ ಇತ್ಯರ್ಥವಾಗಿಲ್ಲ: ಯಾರ್ಡಿಗೆ ನಷ್ಟವಾದಾಗ ಅದನ್ನು ಯಾರು ಹೊರಬೇಕು? ಕಾರ್ಮಿಕನ ಎದುರು ಕೂತು ಉತ್ತರ ಹೇಳಬೇಕಾದ ಮಾಲೀಕ ಯಾರು? ಈಗಿನ ಕಾನೂನಿನ ಜಗಳ ನಿಂತಿರುವುದೂ ಇದೇ ಪ್ರಶ್ನೆಯ ಮೇಲೆ.

ಕ್ಯಾಮೆರಾ ಶಿಪ್‌ಯಾರ್ಡಿಗೇ ಯಾಕೆ ಹೋಯಿತು?

ಮುಷ್ಕರಗಳು ಎಲ್ಲ ಉದ್ಯಮದಲ್ಲೂ ನಡೆದಿವೆ. ಶಿಪ್‌ಯಾರ್ಡಿನ ಮುಷ್ಕರ ಬೇರೆಯದಾಗಲು ಆ ಕೆಲಸದ ಲೆಕ್ಕಾಚಾರವೇ ಕಾರಣ.

ಒಂದು ದೊಡ್ಡ ಹಡಗು ಆರ್ಡರ್ ಆಗಿ, ಕಟ್ಟಿ, ಹಸ್ತಾಂತರವಾಗಲು ಎರಡು ಮೂರು ವರ್ಷ ಹಿಡಿಯುತ್ತದೆ. ಹಣ ಕಂತುಗಳಲ್ಲಿ ಬರುತ್ತದೆ. ಈಚಿನ ಹಲವು ಒಪ್ಪಂದಗಳಲ್ಲಿ ಹಣದ ದೊಡ್ಡ ಪಾಲು ಹಡಗನ್ನು ಒಪ್ಪಿಸುವ ದಿನಕ್ಕೆ ಕಟ್ಟುಬಿದ್ದಿರುತ್ತದೆ. ಅಂದರೆ ಯಾರ್ಡು ಸಾಲ ಮಾಡಿ ಉಕ್ಕು ಕೊಂಡು ಸಂಬಳ ಕೊಟ್ಟು ಕೊನೆಯ ದಿನಕ್ಕಾಗಿ ಕಾಯಬೇಕು. ಡಾಕ್‌ನಲ್ಲಿರುವ, ಅಂದರೆ ಹಡಗು ಕಟ್ಟುವ ಕಟ್ಟೆಯಲ್ಲಿರುವ, ಹಡಗು ನೀರಿಗಿಳಿಯದಿದ್ದರೆ ಅದರ ಹಿಂದಿನ ಹಡಗಿಗೆ ಜಾಗವಿಲ್ಲ. ಅಲ್ಲಿಂದ ತಡದ ಮೇಲೆ ತಡ. ಡಾಕ್ ನಿಂತಿತೆಂದರೆ ಯಾರ್ಡೇ ನಿಂತಂತೆ. ಕಾರ್ಮಿಕರ ಬಲ ಇರುವುದು ಅಲ್ಲೇ. ಕಂಪನಿಗೆ ಅತಿ ಹೆಚ್ಚು ನೋವಾಗುವುದೂ ಅಲ್ಲೇ.

ಇನ್ನೊಂದು ಕಾರಣ ಬೇಡಿಕೆಯ ಏರಿಳಿತ. ಜಗತ್ತಿನ ವ್ಯಾಪಾರ ಹಿಗ್ಗಿದಾಗ ಎಲ್ಲರಿಗೂ ಹಡಗು ಬೇಕು, ಕುಗ್ಗಿದಾಗ ಯಾರಿಗೂ ಬೇಡ. ಎರಡನೇ ಮಹಾಯುದ್ಧ ಮುಗಿದ ಹೊಸತರಲ್ಲಿ ಜಗತ್ತಿನ ಹಡಗುಗಳಲ್ಲಿ ಸುಮಾರು ಅರ್ಧದಷ್ಟನ್ನು ಬ್ರಿಟನ್ ಕಟ್ಟುತ್ತಿತ್ತು. 1956ರಲ್ಲಿ ಜಪಾನ್ ಅದನ್ನು ದಾಟಿತು. ಈ ಶತಮಾನದ ಆರಂಭಕ್ಕೆ ಕೊರಿಯಾ ಮುಂದೆ ಬಂತು, ಈಗ ಅರ್ಧಕ್ಕಿಂತ ಹೆಚ್ಚು ಚೀನಾದ ಕೈಯಲ್ಲಿದೆ. ಉದ್ಯಮ ಒಂದು ತೀರದಿಂದ ಇನ್ನೊಂದು ತೀರಕ್ಕೆ ಸರಿದಾಗಲೆಲ್ಲ ಹಿಂದೆ ಉಳಿದ ಊರಿನಲ್ಲಿ ಒಂದು ಹೋರಾಟ ನಡೆದಿದೆ.

ಮತ್ತೆ, ಆ ದೃಶ್ಯವೇ ಕ್ಯಾಮೆರಾವನ್ನು ಕೈಬೀಸಿ ಕರೆಯುತ್ತದೆ. ಊರಿನ ಯಾವ ಮೂಲೆಯಿಂದಲೂ ಕಾಣುವ ಕ್ರೇನು, ಮನೆಗಳ ಸಾಲಿನ ಹಿಂದೆ ಎದ್ದು ನಿಂತ ಹಡಗಿನ ಮೂತಿ, ಒಂದೇ ಗೇಟಿನಲ್ಲಿ ಸಾವಿರಾರು ಜನ ಹೊಕ್ಕು ಹೊರಬರುವ ಹೊತ್ತು.

ಒಂದೇ ನದಿ, ಎರಡು ಚಿತ್ರ

ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರವನ್ನು ಹಾದುಹೋಗುವ ಕ್ಲೈಡ್ ನದಿಯ ಮೇಲೆ ಹತ್ತು ವರ್ಷದ ಅಂತರದಲ್ಲಿ ತಯಾರಾದ ಎರಡು ಚಿತ್ರಗಳನ್ನು ಜೊತೆಗಿಟ್ಟು ನೋಡಿದರೆ, ಮರುಪ್ರದರ್ಶನದ ಬೆಲೆ ಏನೆಂದು ತಿಳಿಯುತ್ತದೆ.

ಮೊದಲನೆಯದು ‘ಸೀವರ್ಡ್ಸ್ ದ ಗ್ರೇಟ್ ಶಿಪ್ಸ್’. ಹಿಲರಿ ಹ್ಯಾರಿಸ್ ನಿರ್ದೇಶನದ, ಕ್ಲೈಡ್ ಹಡಗು ಉದ್ಯಮದ ಹಿರಿಮೆ ಸಾರಲೆಂದೇ ತಯಾರಾದ ಈ ಕಿರುಚಿತ್ರ ಆಸ್ಕರ್ ಗೆದ್ದಿತು. ಉಕ್ಕಿನ ಹಲಗೆ ಬಾಗುವುದು, ಕಿಡಿ ಹಾರುವುದು, ಇಡೀ ಹಡಗು ನೀರಿಗೆ ಜಾರುವುದು, ಎಲ್ಲವೂ ಕಣ್ಣು ತುಂಬುವಂತಿವೆ. ಆದರೆ ಆ ಹಡಗು ಕಟ್ಟಿದವನ ಕೂಲಿ ಎಷ್ಟು, ಹಡಗು ನೀರಿಗಿಳಿದ ಮರುದಿನ ಅವನಿಗೆ ಕೆಲಸ ಇದೆಯೇ ಎಂಬುದನ್ನು ಈ ಚಿತ್ರ ಕೇಳುವುದಿಲ್ಲ.

ಎರಡನೆಯದು ಹುಟ್ಟಿದ್ದು 1971ರಲ್ಲಿ. ನದಿ ದಂಡೆಯ ಹಲವು ಯಾರ್ಡುಗಳನ್ನು ಸೇರಿಸಿ 1968ರಲ್ಲಿ ‘ಅಪ್ಪರ್ ಕ್ಲೈಡ್ ಶಿಪ್‌ಬಿಲ್ಡರ್ಸ್’ ಎಂಬ ಕಂಪನಿ ಮಾಡಲಾಗಿತ್ತು. ಕೈಯಲ್ಲಿ ಆರ್ಡರ್ ಇತ್ತು, ನಿತ್ಯದ ಖರ್ಚಿಗೆ ಹಣವಿರಲಿಲ್ಲ. ಕಂಪನಿ ಕೇಳಿದ 60 ಲಕ್ಷ ಪೌಂಡ್ ಸಾಲವನ್ನು ಬ್ರಿಟನ್ನಿನ ಪ್ರಧಾನಿ ಎಡ್ವರ್ಡ್ ಹೀತ್ ಸರ್ಕಾರ ನಿರಾಕರಿಸಿತು. ತನ್ನ ಕಾಲ ಮೇಲೆ ನಿಲ್ಲಲಾರದ ‘ಕುಂಟು ಬಾತುಕೋಳಿ’ಗಳಿಗೆ ಬೊಕ್ಕಸದ ಹಣ ಇಲ್ಲ ಎನ್ನುವುದು ಆ ಸರ್ಕಾರದ ನಿಲುವಾಗಿತ್ತು. ಜೂನ್‌ನಲ್ಲಿ ಕಂಪನಿ ದಿವಾಳಿಯಾಯಿತು. ಸುಮಾರು 8,500 ಜನರ ಕೆಲಸ ತೂಗುಯ್ಯಾಲೆಗೆ ಬಿತ್ತು.

ಆಗ ಕಾರ್ಮಿಕ ಮುಖಂಡರ ಮುಂದಿದ್ದ ಕಷ್ಟವನ್ನು ಬಿಡಿಸಿ ಹೇಳಬೇಕು. ಮುಷ್ಕರ ಅಂದರೆ ಕೆಲಸ ನಿಲ್ಲಿಸುವುದು. ಮುಚ್ಚಲು ಹೊರಟ ಯಾರ್ಡಿನಲ್ಲಿ ಕೆಲಸ ನಿಲ್ಲಿಸಿದರೆ ಮುಚ್ಚುವವನಿಗೇ ಅನುಕೂಲ. ಗೇಟಿನ ಹೊರಗೆ ನಿಂತವನನ್ನು ಹೊರಹಾಕುವ ಅಗತ್ಯವೂ ಬೀಳುವುದಿಲ್ಲ. ಹಾಗಾಗಿ ಜಿಮ್ಮಿ ರೀಡ್, ಜಿಮ್ಮಿ ಏರ್ಲಿ ಮೊದಲಾದವರು ತಲೆಕೆಳಗಾದ ದಾರಿ ಹಿಡಿದರು: ಕೆಲಸ ಬಿಡುವುದಿಲ್ಲ, ಮಾಡುತ್ತಲೇ ಇರುತ್ತೇವೆ. ಕೆಲಸದಿಂದ ತೆಗೆದವನೂ ಬೆಳಿಗ್ಗೆ ಎಂದಿನ ಹೊತ್ತಿಗೆ ಬಂದು ತನ್ನ ಜಾಗದಲ್ಲಿ ನಿಲ್ಲುತ್ತಾನೆ. ಕೆಲಸ ಉಳಿದವರು ವಾರಕ್ಕೆ 50 ಪೆನ್ಸ್ ಕೊಟ್ಟ ನಿಧಿ ಮತ್ತು ಹೊರಗಿನ ದೇಣಿಗೆಯಿಂದ ಅವನ ಸಂಬಳ. ಗೇಟಿನ ಕಾವಲು ಕಾರ್ಮಿಕರದ್ದು, ಅವರಿಗೆ ಗೊತ್ತಿಲ್ಲದೆ ಒಂದು ಯಂತ್ರವೂ ಹೊರಹೋಗುವಂತಿಲ್ಲ. ಜುಲೈ 30ರಂದು ಇದು ಶುರುವಾಯಿತು. ಪುಂಡಾಟ ಕೂಡದು, ಹಾನಿ ಮಾಡಕೂಡದು, ಕುಡಿತ ಕೂಡದು, ಜಗತ್ತು ನಮ್ಮನ್ನು ನೋಡುತ್ತಿದೆ ಎಂದು ರೀಡ್ ಯಾರ್ಡಿನೊಳಗೆ ನಿಂತು ಹೇಳಿದ ಮಾತು ಇವತ್ತಿಗೂ ಆ ಊರಿನವರ ಬಾಯಲ್ಲಿದೆ.

‘ಸಿನೆಮಾ ಆ್ಯಕ್ಷನ್’ ಎಂಬ ಚಿತ್ರ ತಂಡ ಇದನ್ನು ಕಾರ್ಮಿಕರ ಜೊತೆಗೇ ನಿಂತು ಚಿತ್ರೀಕರಿಸಿತು. ಕಂಪನಿಯ ಹೆಸರಿನ ಮೊದಲಕ್ಷರಗಳನ್ನೇ ಹೊತ್ತ ‘ಯುಸಿಎಸ್ 1’ ಎಂಬ ಕಿರುಚಿತ್ರ 1971ರಲ್ಲೇ ಬಂತು, ಹೋರಾಟ ಇನ್ನೂ ನಡೆಯುತ್ತಿದ್ದಾಗಲೇ. ಬೇರೆ ಊರಿನ ಕಾರ್ಮಿಕರಿಗೆ ತೋರಿಸಿ ಬೆಂಬಲ ಕೇಳುವುದಕ್ಕೆ ಮಾಡಿದ ಚಿತ್ರ ಅದು. ಪ್ರೊಜೆಕ್ಟರ್ ಹೊತ್ತುಕೊಂಡು ಕಾರ್ಮಿಕರಿದ್ದಲ್ಲಿಗೆ ಹೋಗುವುದು ಆ ತಂಡದ ಪದ್ಧತಿಯಾಗಿತ್ತು. ಆರು ವರ್ಷದ ನಂತರ ಬಂದ ‘ಕ್ಲಾಸ್ ಸ್ಟ್ರಗಲ್: ಫಿಲ್ಮ್ ಫ್ರಮ್ ದ ಕ್ಲೈಡ್’ ಅದೇ ಹೋರಾಟವನ್ನು ಪೂರ್ಣ ಉದ್ದದಲ್ಲಿ ಹೇಳಿತು.

ಫಲ ಏನಾಯಿತು? 1972ರ ಫೆಬ್ರುವರಿಯಲ್ಲಿ ಅದೇ ಸರ್ಕಾರ 3.5 ಕೋಟಿ ಪೌಂಡ್ ಕೊಡಲು ಒಪ್ಪಿತು. 60 ಲಕ್ಷಕ್ಕೆ ಇಲ್ಲ ಎಂದವರು ಅದರ ಸುಮಾರು ಆರು ಪಟ್ಟು ಕೊಟ್ಟರು. ಕ್ಲೈಡ್‌ಬ್ಯಾಂಕ್ ಯಾರ್ಡನ್ನು ತೈಲಬಾವಿಯ ರಿಗ್ ಕಟ್ಟುವ ಅಮೆರಿಕದ ಕಂಪನಿ ಕೊಂಡಿತು. ಅಕ್ಟೋಬರ್‌ನಲ್ಲಿ ಹೋರಾಟ ಮುಗಿಯಿತು. ಇಷ್ಟಕ್ಕೇ ನಿಲ್ಲಿಸಿದರೆ ಅದು ಗೆಲುವಿನ ಕಥೆ. ಆದರೆ ಲಿಂಟ್‌ಹೌಸ್ ಯಾರ್ಡು ಬೇಗನೇ ಹೋಯಿತು, ಕಾನೆಲ್ ಯಾರ್ಡು 1980ರಲ್ಲಿ ಮುಚ್ಚಿತು, ಕ್ಲೈಡ್‌ಬ್ಯಾಂಕ್‌ನಲ್ಲಿ ಈಗ ಉಳಿದಿರುವುದು ‘ಟೈಟನ್’ ಎಂಬ ಹಳೆಯ ಕ್ರೇನು. ಕ್ಲೈಡ್‌ಬ್ಯಾಂಕ್, ಲಿಂಟ್‌ಹೌಸ್, ಕಾನೆಲ್, ಗೋವನ್ ಎಂಬ ಆ ನಾಲ್ಕು ಯಾರ್ಡುಗಳಲ್ಲಿ ಇಂದಿಗೂ ಹಡಗು ಕಟ್ಟುತ್ತಿರುವುದು ಗೋವನ್ ಒಂದೇ, ಅದೂ ಯುದ್ಧನೌಕೆಗಳನ್ನು.

ಇಂದಿನ ಪ್ರೇಕ್ಷಕನಿಗೆ ಈ ಮುಂದಿನ ಕಥೆ ಗೊತ್ತಿರುತ್ತದೆ, ಪರದೆಯ ಮೇಲಿನವರಿಗೆ ಗೊತ್ತಿಲ್ಲ. ಸಭೆಯಲ್ಲಿ ಎಲ್ಲರೂ ಕೈಯೆತ್ತುವ ದೃಶ್ಯ ಬಂದಾಗ ಆ ಕೈಗಳ ಮೇಲೆ ಐವತ್ತು ವರ್ಷದ ಭಾರ ಕೂತಿರುತ್ತದೆ. 1971ರ ಪ್ರೇಕ್ಷಕ ಅದನ್ನು ನೋಡಿ ಜೇಬಿಗೆ ಕೈಹಾಕಿ ದೇಣಿಗೆ ಕೊಟ್ಟ. ಇಂದಿನವನು, ಆ ದಾರಿ ಎಷ್ಟು ದೂರ ಒಯ್ದಿತು, ಎಲ್ಲಿ ನಿಂತಿತು ಎಂದು ತೂಗಿ ನೋಡುತ್ತಾನೆ.

ಧ್ವನಿವರ್ಧಕದಲ್ಲಿ ಕೇಳಿದ ಮಾತುಕತೆ

ಪೋಲೆಂಡಿನ ಗ್ಡಾನ್ಸ್ಕ್ ನಗರದ ಲೆನಿನ್ ಶಿಪ್‌ಯಾರ್ಡ್ ಹೋರಾಟ ಶುರುವಾದದ್ದು ಒಬ್ಬ ಕ್ರೇನ್ ಆಪರೇಟರ್‌ಗಾಗಿ. ಆನಾ ವಾಲೆಂಟಿನೋವಿಚ್ ಅವರನ್ನು ನಿವೃತ್ತಿಗೆ ಕೆಲವೇ ತಿಂಗಳಿದ್ದಾಗ 1980ರ ಆಗಸ್ಟ್‌ನಲ್ಲಿ ಕೆಲಸದಿಂದ ತೆಗೆದರು. 14ರಂದು ಮುಷ್ಕರ ಹೂಡಲಾಯಿತು. 31ರಂದು ಸರ್ಕಾರ ಒಪ್ಪಂದಕ್ಕೆ ಸಹಿ ಹಾಕಿತು, ‘ಸಾಲಿಡಾರಿಟಿ’ ಎಂಬ ಕಾರ್ಮಿಕ ಸಂಘಟನೆ ಹುಟ್ಟಿತು.

ಆಂಜೆ ಖೊಡಕೋವ್‌ಸ್ಕಿ ಮತ್ತು ಆಂಜೆ ಜಯೊಂಚ್‌ಕೋವ್‌ಸ್ಕಿ ನಿರ್ದೇಶಿಸಿದ ‘ರೊಬೊತ್ನಿತ್ಸಿ 80’ (‘ಕಾರ್ಮಿಕರು 80’) ಸಾಕ್ಷ್ಯಚಿತ್ರದ ವಿಶೇಷವೆಂದರೆ ಕ್ಯಾಮೆರಾ ಮಾತುಕತೆಯ ಕೋಣೆಯೊಳಗೇ ಇದೆ. ಒಂದು ಕಡೆ ಉಪಪ್ರಧಾನಿ ಯಗಿಯೆಲ್‌ಸ್ಕಿ, ಇನ್ನೊಂದು ಕಡೆ ಮುಷ್ಕರದ ಮುಖಂಡ ಲೆಹ್ ವಲೇಸಾ ಮತ್ತು ಸಂಗಡಿಗರು. ಒಳಗೆ ಆಡುತ್ತಿದ್ದ ಮಾತು ಧ್ವನಿವರ್ಧಕದಲ್ಲಿ ಹೊರಗಿನ ಸಾವಿರಾರು ಕಾರ್ಮಿಕರಿಗೂ ಕೇಳುತ್ತಿತ್ತು. ಹಾಗಾಗಿ ಒಳಗೊಂದು, ಹೊರಗೊಂದು ಹೇಳಲು ಯಾರಿಗೂ ಅವಕಾಶವಿರಲಿಲ್ಲ. ಇಂಥ ಚಿತ್ರದ ಬಿಡುಗಡೆಗೆ ಅಂದಿನ ಆಡಳಿತ ಅಡ್ಡಗಾಲು ಹಾಕಿದ್ದರಲ್ಲಿ ಆಶ್ಚರ್ಯವಿಲ್ಲ. 1981ರ ಡಿಸೆಂಬರ್ 13ರಂದು ಸೇನಾಡಳಿತ ಹೇರಿದ ಮೇಲಂತೂ ಕೇಳುವುದೇ ಬೇಡ.

ಈ ಹೋರಾಟದ ಒಂದು ತಿರುವನ್ನು ಇಲ್ಲಿ ಹೇಳಲೇಬೇಕು. ಆಗಸ್ಟ್ 16ರಂದು ಯಾರ್ಡಿನ ಆಡಳಿತ ಸಂಬಳ ಏರಿಸಲು ಒಪ್ಪಿತು. ಮುಷ್ಕರ ಮುಗಿಯಿತೆಂದು ವಲೇಸಾ ಘೋಷಿಸಿಯೂ ಬಿಟ್ಟರು. ಬೆಂಬಲಕ್ಕೆ ನಿಂತಿದ್ದ ಬೇರೆ ಕಾರ್ಖಾನೆಗಳ ಜನರನ್ನು ನಡುನೀರಿನಲ್ಲಿ ಬಿಟ್ಟಂತಾಗುತ್ತದೆ ಎಂದು ಹೊರಡುತ್ತಿದ್ದವರನ್ನು ತಡೆದು ನಿಲ್ಲಿಸಿದವರಲ್ಲಿ ಮುಂದಿದ್ದವರು ಹೆಂಗಸರು: ವಾಲೆಂಟಿನೋವಿಚ್, ನರ್ಸ್ ಆಲಿನಾ ಪಿಯೆನ್‌ಕೋವ್‌ಸ್ಕಾ, ಟ್ರಾಮ್ ಚಾಲಕಿ ಹೆನ್ರಿಕಾ ಕ್ಶಿವೊನೊಸ್. ಒಂದು ಯಾರ್ಡಿನ ಸಂಬಳದ ಜಗಳ ದೇಶದ ಚಳವಳಿಯಾದದ್ದು ಆ ಮಧ್ಯಾಹ್ನ. ಜಗತ್ತಿನ ನೆನಪಿನಲ್ಲಿ ಉಳಿದ ಚಿತ್ರ ಮಾತ್ರ ಗೇಟಿನ ಮೇಲೆ ನಿಂತ ವಲೇಸಾ ಅವರದು. ಹಳೆಯ ಚಿತ್ರಗಳನ್ನು ಮತ್ತೆ ನೋಡುವುದರಿಂದ ಇಂಥ ಅಸಮತೋಲ ಕಣ್ಣಿಗೆ ಬೀಳುತ್ತದೆ: ಚೌಕಟ್ಟಿನ ಅಂಚಿನಲ್ಲಿ ಒಂದು ಕ್ಷಣ ಕಂಡು ಮಾಯವಾಗುವ ಆ ಮುಖ ಯಾರದ್ದೆಂದು ಈಗಿನ ಪ್ರೇಕ್ಷಕರು ಕೇಳುತ್ತಾರೆ.

ಕ್ರೇನ್ ನಂಬರ್ 85

ಕೊರಿಯಾದ ಬುಸಾನ್ ನಗರದ ಯೋಂಗ್‌ದೋ ಎಂಬ ದ್ವೀಪದಲ್ಲಿ ಒಂದು ಹಳೆಯ ಶಿಪ್‌ಯಾರ್ಡ್ ಇದೆ. ಕಿಮ್ ಜಿನ್-ಸುಕ್ 1981ರಲ್ಲಿ ಅಲ್ಲಿ ವೆಲ್ಡರ್ ಆಗಿ ಸೇರಿದರು, ಇಪ್ಪತ್ತರ ಹರೆಯದ ಹೆಣ್ಣುಮಗಳು. ಸಂಘದ ಕೆಲಸ ಮಾಡಿದರೆಂದು 1986ರಲ್ಲಿ ಅವರನ್ನು ಹೊರಹಾಕಿದರು. ಕಾರ್ಮಿಕರಿಗೆ ಕೊಡುತ್ತಿದ್ದ ಮಧ್ಯಾಹ್ನದ ಊಟದ ಡಬ್ಬಿಯಲ್ಲಿ ಇಲಿಯ ಹಿಕ್ಕೆ ಇರುತ್ತಿತ್ತು ಎಂದು ಅವರು ಬರೆದಿದ್ದಾರೆ. 1987ರಲ್ಲಿ ಅಲ್ಲಿನ ಕಾರ್ಮಿಕರು ಆ ಡಬ್ಬಿಗಳನ್ನು ಮುಟ್ಟುವುದಿಲ್ಲ ಎಂದು ಒಟ್ಟಾಗಿ ನಿರಾಕರಿಸಿದರು. ಕೂತು ಉಣ್ಣಲು ಒಂದು ಕ್ಯಾಂಟೀನ್ ಬಂದದ್ದು ಆ ಮೇಲೆ.

2003ರಲ್ಲಿ ಆ ಯಾರ್ಡಿನ ಸಂಘದ ಅಧ್ಯಕ್ಷ ಕಿಮ್ ಜೂ-ಇಕ್ 85ನೇ ನಂಬರಿನ ಕ್ರೇನ್ ಏರಿ 129 ದಿನ ಕೂತು ಅಲ್ಲೇ ಪ್ರಾಣ ಬಿಟ್ಟರು. 2011ರ ಜನವರಿ 6ರ ಮುಂಜಾವ, ನೂರಾರು ಜನರನ್ನು ಕೆಲಸದಿಂದ ತೆಗೆಯುವುದನ್ನು ವಿರೋಧಿಸಿ ಕಿಮ್ ಜಿನ್-ಸುಕ್ ಅದೇ ಕ್ರೇನ್ ಏರಿದರು. ನೆಲದಿಂದ 35 ಮೀಟರ್ ಎತ್ತರದಲ್ಲಿ 309 ದಿನ. ಕೈಯಲ್ಲಿದ್ದ ಫೋನಿನಿಂದ ಅವರು ಹೊರಜಗತ್ತಿಗೆ ಬರೆಯುತ್ತಿದ್ದರು. ಅದನ್ನು ಓದಿದ ಜನ ‘ಭರವಸೆಯ ಬಸ್ಸು’ ಎಂದು ಹೆಸರಿಟ್ಟು ದೇಶದ ಮೂಲೆಮೂಲೆಯಿಂದ ಬಸ್ಸು ಮಾಡಿಕೊಂಡು ಬುಸಾನ್‌ಗೆ ಬಂದರು. ನವೆಂಬರ್ 10ರಂದು ಅವರು ಇಳಿದು ಬಂದರು. ಅವರ ಸ್ವಂತ ಮರುನೇಮಕ ಸಾಂಕೇತಿಕವಾಗಿ ಆದದ್ದು 2022ರ ಫೆಬ್ರುವರಿಯಲ್ಲಿ, ಹೊರಹಾಕಿ 37ನೇ ವರ್ಷದಲ್ಲಿ.

ನಿರ್ದೇಶಕ ಕಿಮ್ ಜಂಗ್-ಕೆನ್ ಈ ಯಾರ್ಡಿನ ಬಗ್ಗೆ ಮಾಡಿದ ಸಾಕ್ಷ್ಯಚಿತ್ರ 2016ರಲ್ಲಿ ಚಿತ್ರಮಂದಿರಗಳಿಗೆ ಬಂತು. ಅದರ ಹೆಸರನ್ನು ಕನ್ನಡಿಸಿದರೆ ‘ನೆರಳುಗಳ ದ್ವೀಪ’. ಯೋಂಗ್‌ದೋ ಎಂಬ ಊರಿನ ಹೆಸರಿನಲ್ಲೇ ನೆರಳು ಇದೆ. ಹಲವರ ಬಾಯಿಂದ ಒಂದು ಯಾರ್ಡಿನ ಸುಮಾರು ಮೂವತ್ತು ವರ್ಷದ ಕಥೆಯನ್ನು ಕೇಳಿಸುವ ಈ ಚಿತ್ರ, ಕ್ರೇನಿನ ಮೇಲಿದ್ದವರಷ್ಟೇ ಗಮನವನ್ನು ಕ್ರೇನಿನ ಕೆಳಗೆ ಉಳಿದವರಿಗೂ ಕೊಡುತ್ತದೆ.

ಒಂದು ಘನ ಮೀಟರ್ ಪಂಜರ

ಈಗಿನ ಸುದ್ದಿಯ ಗಂಟು ಬಿಚ್ಚಬೇಕಾದರೆ 2022ಕ್ಕೆ ಬರಬೇಕು. ಅದಕ್ಕೂ ಮುಂಚಿನ ಏಳೆಂಟು ವರ್ಷ ಕೊರಿಯಾದ ಹಡಗು ಉದ್ಯಮಕ್ಕೆ ಬರಗಾಲ. ಎರಡು ಲಕ್ಷಕ್ಕೂ ಹೆಚ್ಚಿದ್ದ ಕಾರ್ಮಿಕರ ಸಂಖ್ಯೆ ಒಂದು ಲಕ್ಷಕ್ಕಿಂತ ಕೆಳಗಿಳಿಯಿತು. ಮೊದಲ ಪೆಟ್ಟು ಬಿದ್ದದ್ದು ಉಪಗುತ್ತಿಗೆಯವರ ಮೇಲೆ. ಏರಿಳಿತದ ಉದ್ಯಮದಲ್ಲಿ ಕಂಪನಿಗಳು ಕಾಯಂ ನೌಕರರನ್ನು ಕಡಿಮೆ ಇಟ್ಟುಕೊಂಡು ಉಳಿದ ಕೆಲಸವನ್ನು ಚಿಕ್ಕ ಚಿಕ್ಕ ಗುತ್ತಿಗೆದಾರರಿಗೆ ವಹಿಸುವುದೇ ಇದಕ್ಕಾಗಿ: ಆರ್ಡರ್ ಇಲ್ಲದಾಗ ಗುತ್ತಿಗೆ ಮುಗಿಸಿದರೆ ಸಾಕು.

ಗುತ್ತಿಗೆದಾರನ ಕೈಯಲ್ಲಿ ಇರುವುದು ದೊಡ್ಡ ಕಂಪನಿ ಕೊಡುವ ದರ. ಆ ದರ ಇಳಿದರೆ ಕಾರ್ಮಿಕನ ಕೂಲಿ ಇಳಿಯುತ್ತದೆ. ಕಾರ್ಮಿಕ ಹೋಗಿ ಕೇಳಿದರೆ ಗುತ್ತಿಗೆದಾರ, ನನ್ನ ಬಳಿ ಇಲ್ಲ ಎನ್ನುತ್ತಾನೆ. ದೊಡ್ಡ ಕಂಪನಿಯನ್ನು ಕೇಳಿದರೆ, ನೀನು ನಮ್ಮ ನೌಕರನಲ್ಲ ಎಂಬ ಉತ್ತರ. ಕೊಡುವ ಶಕ್ತಿ ಇದ್ದವನಿಗೆ ಮಾತನಾಡುವ ಬಾಧ್ಯತೆ ಇಲ್ಲ, ಬಾಧ್ಯತೆ ಇದ್ದವನಿಗೆ ಕೊಡುವ ಶಕ್ತಿ ಇಲ್ಲ.

2022ರ ಜೂನ್ ಹೊತ್ತಿಗೆ ಆರ್ಡರ್ ಮರಳಿ ಬಂದಿತ್ತು, ಕೂಲಿ ಮರಳಿರಲಿಲ್ಲ. ಗಿಯೋಜೆ ದ್ವೀಪದ ದೇವೂ ಶಿಪ್‌ಯಾರ್ಡಿನ ಉಪಗುತ್ತಿಗೆ ಕಾರ್ಮಿಕರು, ಕಳೆದುಹೋದ 30 ಶೇಕಡಾ ಕೂಲಿಯನ್ನು ಹಿಂದಿರುಗಿಸಿ ಎಂದು ಮುಷ್ಕರ ಹೂಡಿದರು. ಡಾಕ್‌ನಲ್ಲಿ ಕಟ್ಟುತ್ತಿದ್ದ ತೈಲ ಹಡಗಿನೊಳಗೆ ಯೂ ಚೋ-ಆನ್ ಎಂಬ ವೆಲ್ಡರ್ ಸುಮಾರು ಒಂದು ಘನ ಮೀಟರಿನ ಉಕ್ಕಿನ ಚೌಕಟ್ಟಿನೊಳಗೆ ಹೊಕ್ಕು ಅದನ್ನು ಬೆಸುಗೆ ಹಾಕಿಸಿಕೊಂಡರು. ಕಾಲು ಚಾಚಲು ಜಾಗವಿಲ್ಲದ ಆ ಗೂಡಿನಲ್ಲಿ 31 ದಿನ. ಅವರು ಹಿಡಿದ ಫಲಕದ ಮೇಲೆ ಇದ್ದದ್ದು ಒಂದು ಪ್ರಶ್ನೆ: ಹೀಗೇ ಬದುಕಲು ಆಗುವುದಿಲ್ಲವಲ್ಲವೇ? ಆ ಒಂದು ಫೋಟೋ ದೇಶವನ್ನೇ ಅಲುಗಾಡಿಸಿತು.

51ನೇ ದಿನ ಮುಷ್ಕರ ಮುಗಿದಾಗ ಸಿಕ್ಕಿದ್ದು 4.5 ಶೇಕಡಾ ಏರಿಕೆ. ಡಾಕ್ ನಿಂತದ್ದರಿಂದ ಆದ ನಷ್ಟಕ್ಕೆಂದು ಕಂಪನಿ ಸಂಘದ ಐವರು ಮುಖಂಡರ ಮೇಲೆ 4,700 ಕೋಟಿ ವೋನ್ ಪರಿಹಾರದ ದಾವೆ ಹೂಡಿತು. ಕೂಲಿ ಕಾರ್ಮಿಕನ ಹಲವು ತಲೆಮಾರು ದುಡಿದರೂ ತೀರದ ಮೊತ್ತ. ಯಾರ್ಡು ಮುಂದೆ ಹನ್ವಾ ಸಮೂಹದ ಕೈಸೇರಿತು. 2025ರ ಅಕ್ಟೋಬರ್‌ನಲ್ಲಿ ಆ ದಾವೆಯನ್ನು ಹಿಂತೆಗೆದುಕೊಳ್ಳುವ ಒಪ್ಪಂದವಾಯಿತು.

ಹಳದಿ ಲಕೋಟೆ ಎಂದರೆ

ಆ ಹೆಸರು ಬಂದ ಬಗೆ ಹೀಗೆ. ಸಾಂಗ್‌ಯೋಂಗ್ ಕಾರು ಕಾರ್ಖಾನೆಯ ಮುಷ್ಕರಕ್ಕಾಗಿ ಕಾರ್ಮಿಕರು 470 ಕೋಟಿ ವೋನ್ ಪರಿಹಾರ ಕೊಡಬೇಕೆಂದು ನ್ಯಾಯಾಲಯ ಹೇಳಿದ ಸುದ್ದಿ ಓದಿದ ಪತ್ರಿಕೆಯ ಓದುಗರೊಬ್ಬರು, ಲಕ್ಷ ಜನ ಇಷ್ಟಿಷ್ಟು ಕೊಟ್ಟರೆ ಮುಗಿಯುತ್ತದೆಂದು ಲೆಕ್ಕ ಹಾಕಿ 47,000 ವೋನ್‌ಗಳನ್ನು ಪತ್ರಿಕಾ ಕಚೇರಿಗೆ ಕಳಿಸಿದರು. 2014ರಲ್ಲಿ ಅದೊಂದು ಅಭಿಯಾನವಾಯಿತು. ಸಂಬಳವನ್ನು ನಗದಾಗಿ ಕೊಡುತ್ತಿದ್ದ ಕಾಲದಲ್ಲಿ ಅದು ಹಳದಿ ಲಕೋಟೆಯಲ್ಲಿ ಬರುತ್ತಿತ್ತು, ಅದೇ ಅಭಿಯಾನದ ಗುರುತಾಯಿತು.

ಕಾನೂನು ಎರಡು ಮುಖ್ಯ ಕೆಲಸ ಮಾಡುತ್ತದೆ. ಕೆಲಸದ ಷರತ್ತುಗಳನ್ನು ನಿಜವಾಗಿ ನಿರ್ಧರಿಸುವವನು, ಕಾಗದದಲ್ಲಿ ಒಪ್ಪಂದ ಇಲ್ಲದಿದ್ದರೂ, ಮಾಲೀಕನೆಂದೇ ಎಣಿಕೆ. ಉಪಗುತ್ತಿಗೆಯವರ ಜೊತೆ ಮಾತುಕತೆಗೆ ಕೂರಬೇಕು. ಮುಷ್ಕರ ಮಾಡಿದವರ ಮೇಲೆ ಹೂಡುವ ನಷ್ಟ ಪರಿಹಾರದ ದಾವೆಗೆ ಮಿತಿ ಬೀಳುತ್ತದೆ. ಹಿಂದಿನ ಅಧ್ಯಕ್ಷರು ಎರಡು ಬಾರಿ ತಡೆದಿದ್ದ ಈ ತಿದ್ದುಪಡಿಯ ಜಾರಿಗೆ ಗೊತ್ತಾದ ದಿನ 2026ರ ಮಾರ್ಚ್ 10.

ಉದ್ಯಮಿಗಳ ವಾದವನ್ನೂ ಗಂಭೀರವಾಗಿ ಕೇಳಬೇಕು. ಒಂದು ದೊಡ್ಡ ಯಾರ್ಡಿಗೆ ನೂರಾರು ಗುತ್ತಿಗೆದಾರರಿರುತ್ತಾರೆ. ಪ್ರತಿ ಗುಂಪಿನ ಜೊತೆ ಬೇರೆ ಬೇರೆ ಮಾತುಕತೆ ನಡೆಸುತ್ತ ಕೂತರೆ ಹಡಗು ಕಟ್ಟುವುದು ಯಾವಾಗ? ‘ನಿಜವಾಗಿ ನಿರ್ಧರಿಸುವುದು’ ಎಂದರೆ ಎಷ್ಟರ ಮಟ್ಟಿಗೆ? ಇದು ತೀರ್ಮಾನವಾಗುವವರೆಗೆ ಪ್ರತಿ ಜಗಳವೂ ನ್ಯಾಯಾಲಯಕ್ಕೆ ಹೋಗುತ್ತದೆ. ಚೀನಾದ ಪೈಪೋಟಿ ಬೆನ್ನ ಹಿಂದೆಯೇ ಇದೆ. ಕಾರ್ಮಿಕರ ವಾದ ಚಿಕ್ಕದು: ದರ ನಿಗದಿ ಮಾಡುವವರು, ಕೆಲಸದ ವೇಗ ನಿಗದಿ ಮಾಡುವವರು, ಸುರಕ್ಷತೆಯ ಹೊಣೆ ಹೊತ್ತವರು ಯಾರೋ, ಮೇಜಿಗೆ ಬರಬೇಕಾದವರೂ ಅವರೇ.

ವ್ಯಾಖ್ಯೆಯ ಗೊಂದಲ ಕೆಲವು ವರ್ಷ ಇರುತ್ತದೆ ಎಂಬ ಆತಂಕ ಸರಿಯಾದದ್ದು. ಆದರೆ ಕಾನೂನು ಇಲ್ಲದ ಕಾಲದಲ್ಲಿ ಶಾಂತಿ ಇತ್ತೆಂದು ಹೇಳಲು 2003, 2011, 2022ರ ದಾಖಲೆ ಬಿಡುವುದಿಲ್ಲ. ಮೇಜು ಸಿಗದವರು ಕ್ರೇನ್ ಹತ್ತಿದರು.

ತೋರಿಸುವವರು ಬದಲಾದರೆ ಚಿತ್ರವೂ ಬದಲಾಗುತ್ತದೆ

ಮರುಪ್ರದರ್ಶನ ಎಲ್ಲ ಕಡೆ ಒಂದೇ ಅರ್ಥದಲ್ಲಿ ನಡೆಯುವುದಿಲ್ಲ. ಮುಚ್ಚಿದ ಯಾರ್ಡಿನ ಜಾಗದಲ್ಲಿ ವಸ್ತುಸಂಗ್ರಹಾಲಯ ಬಂದ ಊರುಗಳಿವೆ. ಅಲ್ಲಿ ಈ ಚಿತ್ರ ಊರಿನ ಹೆಮ್ಮೆಯ ಪರಂಪರೆ, ಮುಗಿದ ಅಧ್ಯಾಯ. ಕಾರ್ಮಿಕ ಸಂಘದ ಸಭಾಂಗಣದಲ್ಲಿ ಅದೇ ಚಿತ್ರ ಪಾಠ: ಸಭೆ ಹೇಗೆ ನಡೆಸಿದರು, ಭಿನ್ನಮತ ಎದ್ದಾಗ ಏನು ಮಾಡಿದರು, ಹಣ ಹೇಗೆ ಕೂಡಿಸಿದರು.

ನಿಷೇಧಕ್ಕೂ ಪರಂಪರೆಗೂ ನಡುವಿನ ದೂರ ಎಷ್ಟೆಂಬುದಕ್ಕೆ ಕೊರಿಯಾದ್ದೇ ಉದಾಹರಣೆ ಇದೆ. ‘ಮುಷ್ಕರದ ಹಿಂದಿನ ರಾತ್ರಿ’ ಎಂಬರ್ಥದ ಹೆಸರಿನ ಚಿತ್ರ 1990ರಲ್ಲಿ ಬಂತು. ಅದು ಸಾಕ್ಷ್ಯಚಿತ್ರವಲ್ಲ, ಲೋಹದ ಕಾರ್ಖಾನೆಯೊಂದರ ಕಥಾಚಿತ್ರ. ವಿಶ್ವವಿದ್ಯಾಲಯದಲ್ಲಿ ಅದರ ಪ್ರದರ್ಶನ ತಡೆಯಲು ಪೊಲೀಸರು ಹೆಲಿಕಾಪ್ಟರ್ ಸಮೇತ ಬಂದಿದ್ದರು. ಅದೇ ಚಿತ್ರ 2019ರ ಮೇ 1ರಂದು ಟಿಕೆಟ್ ಮಾರಿ ಚಿತ್ರಮಂದಿರದಲ್ಲಿ ಬಿಡುಗಡೆಯಾಯಿತು. ಆ ದಿನ ಹೆಲಿಕಾಪ್ಟರ್ ಬರಲಿಲ್ಲ.

ಇದನ್ನು ನೋಡಿ ಸಂತೋಷಪಡುವವರಿದ್ದಾರೆ. ಚಿತ್ರದ ಹಲ್ಲು ಕಿತ್ತ ಮೇಲೆ ಪ್ರದರ್ಶನಕ್ಕೆ ಇಟ್ಟಿದ್ದಾರೆ ಎಂದು ಮರುಗುವವರೂ ಇದ್ದಾರೆ. ಎರಡನೆಯವರ ಆತಂಕದಲ್ಲಿ ಹುರುಳಿದೆ. ಆದರೂ ತೋರಿಸದೇ ಇರುವುದು ಅದಕ್ಕೆ ಮದ್ದಲ್ಲ. ಚಿತ್ರ ಮುಗಿದ ಮೇಲೆ ಸಭಾಂಗಣದಲ್ಲಿ ಯಾರು ಎದ್ದು ಮಾತನಾಡುತ್ತಾರೆ ಎಂಬುದರ ಮೇಲೆ ಅದರ ಹರಿತ ನಿಂತಿದೆ. ಈಗಿನ ಉಪಗುತ್ತಿಗೆ ಕಾರ್ಮಿಕನನ್ನು ಕರೆಯದೆ ಹಳೆಯ ವೀರರನ್ನು ಮಾತ್ರ ಕರೆದರೆ ಅದು ಸನ್ಮಾನ ಸಮಾರಂಭವಾಗುತ್ತದೆ.

ರೀಲು, ಟೇಪು, ಒಪ್ಪಿಗೆ

ಇಷ್ಟೆಲ್ಲ ನಡೆಯಬೇಕಾದರೆ ಮೊದಲು ಚಿತ್ರ ಉಳಿದಿರಬೇಕು. 16 ಎಂಎಂ ಅಸಿಟೇಟ್ ಫಿಲ್ಮ್ ಸೆಕೆಯಲ್ಲಿ, ತೇವದಲ್ಲಿ ಕೊಳೆಯುತ್ತದೆ. ಡಬ್ಬಿ ತೆರೆದರೆ ವಿನೆಗರ್ ವಾಸನೆ ಮೂಗಿಗೆ ಹೊಡೆಯುತ್ತದೆ, ಫಿಲ್ಮ್ ಕುಗ್ಗಿ ಸುರುಳಿಯಾಗಿರುತ್ತದೆ. 1980ರ ನಂತರದ ವಿಡಿಯೊ ಟೇಪುಗಳ ಸ್ಥಿತಿ ಇನ್ನೂ ಕಷ್ಟ. ಟೇಪೂ ಹಾಳಾಗುತ್ತಿದೆ, ಅದನ್ನು ಓಡಿಸುವ ಯಂತ್ರವೂ ಸಿಗುತ್ತಿಲ್ಲ. ಹಾಗಾಗಿ ಡಿಜಿಟಲ್‌ಗೆ ಇಳಿಸುವ ಕೆಲಸಕ್ಕೆ ಕಾಲದ ಗಡುವಿದೆ.

ಹಕ್ಕಿನ ತೊಡಕು ಬೇರೆ. ತಂಡವಾಗಿ ಮಾಡಿದ ಚಿತ್ರಗಳಲ್ಲಿ ಎಷ್ಟೋ ಸಲ ನಿರ್ದೇಶಕರ ಹೆಸರೇ ಇರುವುದಿಲ್ಲ. ತಂಡ ಚದುರಿ ಹೋಗಿರುತ್ತದೆ. ಪ್ರದರ್ಶನಕ್ಕೆ ಅನುಮತಿ ಯಾರು ಕೊಡಬೇಕು? ಅಂದು ಕ್ಯಾಮೆರಾ ಮುಂದೆ ಮನಬಿಚ್ಚಿ ಮಾತಾಡಿದ ಕಾರ್ಮಿಕ, ಒಂದು ಸಭೆಯಲ್ಲಿ ತೋರಿಸುತ್ತಾರೆಂದು ಒಪ್ಪಿದ್ದ. ಜಗತ್ತಿನ ಯಾವ ಮೂಲೆಯಿಂದಲೂ, ಯಾವ ಹೊತ್ತಿನಲ್ಲೂ ತನ್ನ ಮುಖ ನೋಡಬಹುದೆಂದು ಅವನಿಗೆ ಗೊತ್ತಿರಲಿಲ್ಲ. ನಷ್ಟ ಪರಿಹಾರದ ದಾವೆಗಳ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಡಾಕ್‌ನಲ್ಲಿ ಯಾರು ಎಲ್ಲಿ ನಿಂತಿದ್ದರು ಎಂಬ ದೃಶ್ಯ ಪ್ರೇಕ್ಷಕನಿಗೆ ಇತಿಹಾಸ, ವಕೀಲನಿಗೆ ಪುರಾವೆ.

ಚೌಕಟ್ಟಿನ ಹೊರಗೆ

2017ರ ಮೇ 1, ಕಾರ್ಮಿಕ ದಿನ. ಗಿಯೋಜೆ ದ್ವೀಪದ ಇನ್ನೊಂದು ಯಾರ್ಡಿನಲ್ಲಿ ಎರಡು ಕ್ರೇನುಗಳು ಡಿಕ್ಕಿಯಾಗಿ ಒಂದರ ತೋಳು ಕೆಳಗೆ ಬಿತ್ತು. ಆರು ಜನ ಸತ್ತರು, 25 ಜನ ಗಾಯಗೊಂಡರು. ಸತ್ತ ಆರೂ ಜನ ಉಪಗುತ್ತಿಗೆಯವರು. ರಜೆಯ ದಿನ ಕೆಲಸಕ್ಕೆ ಬಂದಿದ್ದವರು.

2022ರಿಂದ ಕೊರಿಯಾ ವೆಲ್ಡರ್, ಪೇಂಟರ್ ಕೆಲಸಕ್ಕೆ ವಿದೇಶಿಯರಿಗೆ ವೀಸಾ ನಿಯಮ ಸಡಿಲಿಸಿದೆ. ಬರಗಾಲದಲ್ಲಿ ಬಿಟ್ಟುಹೋದ ನುರಿತ ಕೈಗಳು ಇಳಿದ ಕೂಲಿಗೆ ಮರಳಿ ಬರಲಿಲ್ಲವಾದ್ದರಿಂದ ಈ ಏರ್ಪಾಡು. ಈ ವಲಸೆ ಕಾರ್ಮಿಕರಿಗೂ ಹೊಸ ಕಾನೂನಿನ ಆಸರೆ ಸಿಗುತ್ತದೆಯೇ ಎಂಬುದು ಅವರು ಸಂಘಕ್ಕೆ ಸೇರುವ ಧೈರ್ಯ ಮಾಡುತ್ತಾರೆಯೇ ಎಂಬುದರ ಮೇಲಿದೆ. ವೀಸಾ ಕೆಲಸಕ್ಕೆ ಅಂಟಿಕೊಂಡಿರುವಾಗ ಆ ಧೈರ್ಯ ಸುಲಭವಲ್ಲ.

ಹಡಗು ಕಟ್ಟುವ ತೀರದಾಚೆ ಒಡೆಯುವ ತೀರವಿದೆ. ಶಾಹೀನ್ ದಿಲ್-ರಿಯಾಜ್ 2007ರಲ್ಲಿ ಮಾಡಿದ ಸಾಕ್ಷ್ಯಚಿತ್ರವೊಂದು ಉತ್ತರ ಬಾಂಗ್ಲಾದೇಶದ ರೈತರನ್ನು ಚಿತ್ತಗಾಂಗ್ ತೀರದವರೆಗೆ ಹಿಂಬಾಲಿಸುತ್ತದೆ. ಊರಿನಲ್ಲಿ ಕೂಲಿ ಸಿಗದ ತಿಂಗಳುಗಳಲ್ಲಿ ಅವರು ಹಳೆಯ ಹಡಗು ಒಡೆಯಲು ಬರುತ್ತಾರೆ. ಉಕ್ಕಿನ ಹಗ್ಗವನ್ನು ಹೆಗಲ ಮೇಲೆ ಹೊತ್ತು ಕೆಸರಿನಲ್ಲಿ ಸಾಲಾಗಿ ನಡೆಯುತ್ತಾರೆ. ಮೇಸ್ತ್ರಿಯಿಂದ ಪಡೆದ ಮುಂಗಡ, ಅಂಗಡಿಯ ಸಾಲ ಕಳೆದು ಊರಿಗೆ ಹೋಗಲು ಕೈಯಲ್ಲಿ ಉಳಿಯುವುದು ಅಷ್ಟಕ್ಕಷ್ಟೇ. ಹಡಗು ಒಡೆಯುವ ಕೆಲಸದ ಸುರಕ್ಷತೆಗೆಂದು 2009ರಲ್ಲಿ ಅಂಗೀಕರಿಸಿದ ಹಾಂಗ್‌ಕಾಂಗ್ ಒಪ್ಪಂದ ಜಾರಿಗೆ ಬಂದದ್ದು 2025ರ ಜೂನ್ 26ರಂದು. ಆ ಚಿತ್ರದಲ್ಲಿ ಹಗ್ಗ ಎಳೆದವರು ಯುವಕರಾಗಿದ್ದರೆ ಅಷ್ಟರಲ್ಲಿ ಅವರಿಗೆ ನಲವತ್ತು ದಾಟಿರುತ್ತದೆ.